ಸ್ಕ್ಯಾನಿಂಗ್‌ಗೆ ಬಂದಿದ್ದ ಹುಡುಗಿ

ಅವನೇ...!

ವಿಜಯನಗರದ ಸ್ಕ್ಯಾನಿಂಗ್ ಸೆಂಟರ್‌ನ ಬಾಗಿಲು ತಳ್ಳಿ ಒಳಬಂದವನನ್ನು ನೋಡಿ ಕೀರ್ತನಾಳ ಎದೆ ಧಸಕ್ಕೆಂದಿತು. ಮೊದಲೇ ಉಸಿರಾಟದ ತೊಂದರೆಯ ಹುಡುಗಿ. ಚೀಲದಿಂದ ಇನ್ಹೇಲರ್ ತೆಗೆದು ಕೈಯಲ್ಲಿ ಹಿಡಿದಳು.

ಚನ್ನವೀರೇಶ್! ಹೋದ ವರ್ಷ ನಿಶ್ಚಿತಾರ್ಥ ಹತ್ತಿರವಿರುವಾಗ ಕಾರಣ ಹೇಳದೆ ಸಂಬಂಧ ಮುರಿದವನು. ಪಕ್ಕದಲ್ಲಿ ಏದುಸಿರು ಬಿಡುತ್ತಾ ಅವನ ಅಪ್ಪ ಭರಮಪ್ಪ. ಸಿಸ್ಟರ್ ಭರಮಪ್ಪನವರನ್ನು ನೇರವಾಗಿ ಒಳಗೆ ಕರೆದುಕೊಂಡು ಹೋದರು. ವೀರೇಶ್ ಹೊರಗೇ, ಅವಳನ್ನು ಕಂಡೂ ಕಾಣದವನಂತೆ ನಿಂತ.

ಕಾರಣ ಅವಳಿಗೆ ಆಮೇಲೆ ಬೇರೆಯವರ ಬಾಯಿಂದ ಗೊತ್ತಾಗಿತ್ತು. ಇದೇ ಸೆಂಟರ್‌ನಿಂದ ಅವಳು ಹೊರಬರುವುದನ್ನು ಅವನ ಅತ್ತೆ ಶಿವಕ್ಕ ನೋಡಿದ್ದರು. 'ಹುಡುಗಿ ಸ್ಕ್ಯಾನಿಂಗ್‌ಗೆ ಬಂದಿದ್ಲು' ಎಂದಷ್ಟೇ ಹೇಳಿದ್ದು. ಮದುವೆಯಾಗದ ಹುಡುಗಿಗೆ ಸ್ಕ್ಯಾನಿಂಗ್ ಯಾಕೆ? ಉಳಿದದ್ದನ್ನು ನೆಂಟರೇ ಸೇರಿಸಿಕೊಂಡರು. ಈ ಮಹಾರಾಯ ಒಂದು ಫೋನ್ ಮಾಡಿ ಕೇಳಲೂ ಇಲ್ಲ!

ಅಷ್ಟರಲ್ಲಿ ಒಳಗಿನಿಂದ ಭರಮಪ್ಪನವರ ದನಿ ಕೇಳಿಸಿತು.

"ನನಗ ದಮ್ಮು ಐತ್ರಿ ಮೇಡಂ. ಹೊಟ್ಟಿ ಮ್ಯಾಲೆ ಯಾಕ ಜೆಲ್ ಹಚ್ತೀರಿ? ನಾನೇನು ಬಸುರಿ ಅದೀನೇನು?"

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಕೀರ್ತನಾ ನಗಲಿಲ್ಲ.

"ಇಲ್ಲ ಯಜಮಾನ್ರೇ," ಡಾಕ್ಟರ್ ಹೇಳುತ್ತಿದ್ದರು, "ಉಸಿರು ಎಳೆಯೋ ಮಾಂಸಖಂಡ ಪಕ್ಕೆಲುಬಿನ ಕೆಳಗಿರುತ್ತೆ. ಶ್ವಾಸಕೋಶದ ಹಳೇ ಕಾಯಿಲೆ ಇರೋರಿಗೆ ಅದು ಎಷ್ಟು ಕೆಲಸ ಮಾಡ್ತಿದೆ ಅಂತ ಈ ಸ್ಕ್ಯಾನಿಂಗ್‌ನಲ್ಲೇ ನೋಡೋದು."

ವೀರೇಶ್ ತಿರುಗಿದ. ಅವಳ ಕೈಯಲ್ಲಿದ್ದ ಇನ್ಹೇಲರ್ ಕಂಡಿತು. ಅವನ ಮುಖ ಬಿಳಿಚಿಕೊಂಡಿತು.

"ಕೀರ್ತನಾ... ಆವತ್ತು ನೀನು ಬಂದಿದ್ದು... ಇದಕ್ಕಾ?"

"ಹೂಂ."

"ನನಗೆ ಯಾಕೆ ಹೇಳ್ಲಿಲ್ಲ?"

ಅವಳ ಕಣ್ಣು ತುಂಬಿತು.

"ಕಾಯಿಲೆ ಗೊತ್ತಾದ್ರೆ ಬಿಟ್ಟುಹೋಗ್ತೀಯ ಅಂತ ಹೆದರಿದ್ದೆ ಕಣೋ. ರಿಪೋರ್ಟ್ ಬಂದ್ಮೇಲೆ ಹೇಳೋಣ ಅಂತಿದ್ದೆ. ನೀನು ನೋಡಿದ್ರೆ, ಇಲ್ಲದ ಬಸಿರಿಗೆ ಬಿಟ್ಟುಹೋದೆ!"

"ತಪ್ಪಾಯ್ತು... ಬೇರೆ ಯಾರನ್ನೂ ಒಪ್ಪೋಕೆ ಆಗ್ಲಿಲ್ಲ ಕಣೇ. ಈಗ್ಲೂ ನೀನೇ ಬೇಕು."

ಈ ಮಾತಿಗಾಗಿ ಅವಳು ಅದೆಷ್ಟು ಕಾದಿದ್ದಳು! ಬಂತು, ಆದರೆ ನಿಜವನ್ನು ಅವನು ಡಾಕ್ಟರ್ ಬಾಯಿಂದ ಕೇಳಿದ ಮೇಲೆ. ನನ್ನ ಬಾಯಿಂದ ಕೇಳಬೇಕು ಅಂತ ಯಾಕೆ ಅನ್ನಿಸಲಿಲ್ಲ ಇವನಿಗೆ?

ಭರಮಪ್ಪ ಹೊರಬಂದರು. ಸಿಸ್ಟರ್ ಕೂಗಿದರು.

"ಕೀರ್ತನಾ, ಬನ್ನಿ. ಜೊತೆಗೆ ಯಾರಿದಾರೆ?"

"ನಾನಿದೀನಿ," ವೀರೇಶ್ ಮುಂದೆ ಬಂದ.

"ಯಾರೂ ಇಲ್ಲ ಸಿಸ್ಟರ್, ಒಬ್ಬಳೇ."

"ಪ್ರೀತಿ ಪೂರ್ತಿ ಹೋಯ್ತಾ?" ಮೆಲ್ಲಗೆ ಕೇಳಿದ.

ಅವಳು ಬಾಗಿಲಲ್ಲಿ ನಿಂತಳು.

"ಹೋಗಿಲ್ಲ ಕಣೋ... ಅಪ್ಪನ್ನ ಹುಷಾರಾಗಿ ಕರ್ಕೊಂಡು ಹೋಗು. ಈಗ 'ನಾನಿದೀನಿ' ಅಂದ್ಯಲ್ಲ, ಆವತ್ತು ಅಷ್ಟು ಅಂದಿದ್ರೆ ಸಾಕಾಗಿತ್ತು."