ಮಲಗಿದ್ದ ಮೆಸ್ಕಾಲ್

"ಟೀಚರಮ್ಮ, ಸ್ವಲ್ಪ ಕೆಳಗೆ ಬರ್ತೀರಾ? ಅಂಗಡೀಲಿ ಕಳ್ಳತನ ಆಗಿದೆ. ಯಾರು ಅಂತಾನೂ ಗೊತ್ತಾಗಿದೆ."

ಮದ್ಯದಂಗಡಿಯ ಯಜಮಾನರು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. ಟೀಚರಮ್ಮ ಪದಬಂಧದಿಂದ ತಲೆ ಎತ್ತಲಿಲ್ಲ. "ಗೊತ್ತಾಗಿದ್ರೆ ನಾನ್ಯಾಕೆ?"

"ಬಾಯಿ ಬಿಡ್ತಿಲ್ಲ ಅವಳು."

ಟೀಚರಮ್ಮ ನಿವೃತ್ತ ರಸಾಯನಶಾಸ್ತ್ರ ಶಿಕ್ಷಕಿ. ಅಂಗಡಿಯ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದರು. ಬೀದಿಯಲ್ಲಿ ಏನು ಕಳೆದರೂ ಜನ ಮೊದಲು ಹತ್ತುತ್ತಿದ್ದದ್ದು ಅವರ ಮೆಟ್ಟಿಲನ್ನೇ. ಪಕ್ಕದ ಗಡಿಯಾರ ರಿಪೇರಿಯವನಿಗೆ, ಅಂದರೆ ಎಲ್ಲರ ಗಡಿಯಾರದಣ್ಣನಿಗೆ, ಆಗೆಲ್ಲ ಅಂಗಡಿ ಮುಚ್ಚಿ ಅವರ ಬಾಲ ಹಿಡಿದು ಹೋಗುವ ಚಟ. ಆದರೆ ಅವತ್ತು ಅವನು ಅರೆಮನಸ್ಸಿನಿಂದಲೇ ಅಂಗಡಿ ಮುಚ್ಚಿದ. 'ಅವಳು' ಎಂದರೆ ಮದ್ಯದಂಗಡಿಯಲ್ಲಿ ಕೆಲಸ ಮಾಡುವ, ಬೀದಿಯವರೆಲ್ಲ ಅಕ್ಕ ಎನ್ನುವವಳು ಎಂದು ಯಜಮಾನರ ಮಾತು ಕೇಳಿಸಿಕೊಂಡವನಿಗೆ ತಿಳಿದುಹೋಗಿತ್ತು.

ಹದಿನೆಂಟು ವರ್ಷದ ಕೆಳಗೆ ಗ್ಲಾಸು ತೊಳೆಯಲು ಸೇರಿದ ಹೆಂಗಸು. ಈಗ ಟೆಕೀಲಾ, ಮೆಸ್ಕಾಲ್ ಎಂಬ, ಭೂತಾಳೆ ಗಿಡದಿಂದ ಇಳಿಸುವ ಮೆಕ್ಸಿಕೋದ ಮದ್ಯ ಬೇಕೆಂದವರು ಆಕೆಯನ್ನೇ ಹುಡುಕಿಕೊಂಡು ಬರುತ್ತಿದ್ದರು. "ಬಾಟಲಿ ಚೀಟಿ ಮೇಲೆ ಪೂರ್ತಿ ಭೂತಾಳೆಯದ್ದು ಅಂತ ಇದೆಯಾ ನೋಡಿ. ಇಲ್ಲಾಂದ್ರೆ ಸಕ್ಕರೆ ಬೆರಕೆ," ಎನ್ನುತ್ತಿದ್ದಳು. ಟೆಕೀಲಾಗೆ ಒಂದೇ ಜಾತಿಯ ನೀಲಿ ಭೂತಾಳೆ. ಮೆಸ್ಕಾಲಿಗೆ ಹಲವು ಜಾತಿ, ಗುಂಡಿಯಲ್ಲಿ ಸುಡುವುದರಿಂದ ಹೊಗೆಯ ವಾಸನೆ. ಗಡಿಯಾರದಣ್ಣ ಮೊದಲ ಸಲ ಉಪ್ಪು, ನಿಂಬೆಹಣ್ಣು ಕೇಳಿ ಒಂದೇ ಗುಟುಕಿಗೆ ಎತ್ತಿದಾಗ ಆಕೆ ನಕ್ಕಿದ್ದಳು. "ಅಣ್ಣಾ, ಅದೇನು ಕೆಮ್ಮಿನ ಔಷಧಿನಾ? ನಾಲಿಗೆ ಮೇಲೆ ಸ್ವಲ್ಪ ಕೂರೋಕೆ ಬಿಡಿ."

ಈಗ ಅದೇ ಅಕ್ಕ ಸ್ಟೂಲಿನ ಮೇಲೆ ಮುಖ ಕಲ್ಲು ಮಾಡಿಕೊಂಡು ಕೂತಿದ್ದಳು.

ವಿಷಯ ಇಷ್ಟು. ಹನ್ನೊಂದು ವರ್ಷದ ಹಿಂದೆ ಯಜಮಾನರು ಮೆಕ್ಸಿಕೋದ ಒಬ್ಬ ಮುದುಕನ ಭಟ್ಟಿಯಿಂದ ಆರು ಬಾಟಲಿ ಮೆಸ್ಕಾಲ್ ತಂದು, ನೆಲಮಾಳಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಅಂಗಡಿಯನ್ನು ಅಳಿಯನಿಗೆ ವಹಿಸುವ ದಿನ ಮೊದಲನೆಯದನ್ನು ತೆರೆಯಬೇಕೆಂಬ ಆಸೆ. ಆ ದಿನ ಬಂತು, ತೆರೆದರು. ನೋಡಿದರೆ ಮದ್ಯ ನಾಲ್ಕು ಬೆರಳು ಕಡಿಮೆ! ಬಾಯಿಗಿಟ್ಟರೆ ನೆನೆದ ಮರದ ರುಚಿ.

"ಕುಡಿದು, ಯಾವುದೋ ಅಗ್ಗದ್ದು ಬೆರೆಸಿದ್ದಾರೆ. ಬೀಗದಕೈ ಇರೋದು ಅಕ್ಕನ ಹತ್ರಾನೇ," ಎಂದ ಅಳಿಯ. ವೈನ್ ಮಳಿಗೆಯಲ್ಲಿ ಆರು ವರ್ಷ ಪಳಗಿ ಬಂದ ಶಿಸ್ತಿನ ಹುಡುಗ.

ಟೀಚರಮ್ಮ ಒಂದು ಹನಿ ಮದ್ಯವನ್ನು ಅಂಗೈಗೆ ಹಾಕಿ, ಉಜ್ಜಿ, ಮೂಸಿದರು. ಮುರಿದ ಬಿರಡೆಯನ್ನು ಉಗುರಿನಿಂದ ಕೆರೆದರು. ಕಪ್ಪಗಾಗಿದ್ದ ಕೆಳಗಿನ ಅರ್ಧ ಪುಡಿಪುಡಿಯಾಯಿತು. ನಂತರ ನೆಲಮಾಳಿಗೆಗೆ ಇಳಿದರು. ಮಂಡಿನೋವಿನ ಯಜಮಾನರು ಮೇಲೆಯೇ ಉಳಿದರು. ಅವರು ಅಲ್ಲಿಗೆ ಇಳಿದು ಎಂಟು ತಿಂಗಳಾಗಿತ್ತಂತೆ.

ಹಲಗೆಯ ಮೇಲೆ ಐದು ಬಾಟಲಿಗಳು ನೆಟ್ಟಗೆ ನಿಂತಿದ್ದವು. ಅವುಗಳ ಧೂಳು ಒರೆಸಕೂಡದೆಂಬುದು ಯಜಮಾನರ ಕಟ್ಟಪ್ಪಣೆ. "ಧೂಳು ಎಲ್ಲಿದೆ ನೋಡಪ್ಪ," ಎಂದರು ಟೀಚರಮ್ಮ. ಗಡಿಯಾರದಣ್ಣ ನೋಡಿದ. ಪ್ರತಿಯೊಂದರಲ್ಲೂ ಭುಜದ ಸುತ್ತ ಹಳೆಯ ಧೂಳು, ಅದರ ಜೊತೆಗೆ ಒಂದು ಪಕ್ಕಕ್ಕೆ ಮಾತ್ರ, ಕುತ್ತಿಗೆಯಿಂದ ತಳದವರೆಗೆ ಧೂಳಿನ ಪಟ್ಟಿ. ಹಲಗೆಗೆ ಹೊಸ ಕಾಗದ ಹಾಸಿತ್ತು. ಎತ್ತಿದರೆ ಅಂಚಿನಲ್ಲಿ ಅಂಗೈಯಗಲ ವಾರ್ನಿಷ್ ಕಿತ್ತುಹೋಗಿತ್ತು.

ಮೇಲೆ ಬಂದು ಟೀಚರಮ್ಮ ಎಲ್ಲರನ್ನೂ ಕೂರಿಸಿದರು.

"ಇದಕ್ಕೆ ಯಾರೂ ಏನೂ ಬೆರೆಸಿಲ್ಲ. ಅಂಗೈ ಆರಿದ ಮೇಲೂ ಸುಟ್ಟ ಭೂತಾಳೆಯ ವಾಸನೆ ನಿಂತಿದೆ. ಕೆಟ್ಟಿರೋದು ಬಿರಡೆಯಿಂದ. ನಿಂತ ಬಾಟಲಿಯ ಧೂಳು ಭುಜದ ಮೇಲೆ ಸುತ್ತಲೂ ಕೂರುತ್ತೆ. ಇವುಗಳ ಒಂದು ಪಕ್ಕಕ್ಕೆ ಮಾತ್ರ ತಳದವರೆಗೂ ಧೂಳಿದೆ ಅಂದ್ರೆ, ಇವು ತಿಂಗಳುಗಟ್ಟಲೆ ಮಲಗಿದ್ವು. ಇಷ್ಟು ಕಡಕ್ ಮದ್ಯ ಮಲಗಿದ್ರೆ ಬಿರಡೆಯನ್ನ ತಿನ್ನುತ್ತೆ, ಸೋರುತ್ತೆ. ಸೋರಿದ್ದು ಹಲಗೆಯ ವಾರ್ನಿಷನ್ನೂ ಕರಗಿಸಿದೆ. ಆ ನಾಲ್ಕು ಬೆರಳು ಕುಡಿದಿದ್ದು ಹಲಗೆ, ಮನುಷ್ಯರಲ್ಲ."

"ಮಲಗಿಸಿದ್ದು ಯಾರು?" ಎಂದರು ಯಜಮಾನರು.

"ಮಲಗಿಸೋದೇ ಸರಿ ಅಂತ ಕಲಿತವರು. ವೈನ್ ಬಾಟಲಿ ಮಲಗಿಸಿದ್ರೇ ಬಿರಡೆ ಒಣಗದೆ ಚೆನ್ನಾಗಿರುತ್ತೆ. ತಾಯಿ ಆರೈಕೆಗೆ ಅಂತ ಅಕ್ಕ ನಾಲ್ಕು ತಿಂಗಳು ರಜೆ ಹಾಕಿದ್ಳಲ್ಲ, ಆಗ ಬೀಗದಕೈ ಯಾರ ಹತ್ರ ಇತ್ತು?"

ಅಳಿಯನ ಮುಖ ಬಿಳಿಚಿಕೊಂಡಿತು. "ನಾನೇ... ನಾನೇ ಜೋಡಿಸಿದ್ದು. ಒಳ್ಳೇದಾಗ್ಲಿ ಅಂತ. ಆದ್ರೆ ಇವತ್ತು ನೆಟ್ಟಗಿದ್ವಲ್ಲ?"

"ವಾಪಸ್ ಬಂದ ದಿನ ಅಕ್ಕ ನಿಲ್ಲಿಸಿದ್ಳು. ಕಾಗದ ಹಾಸಿ ಕಲೆ ಮುಚ್ಚಿದ್ದೂ ಅವಳೇ. ಮಾವ ಬೈದಾರು, ಹೊಸ ಹುಡುಗನ ಮಾನ ಹೋದೀತು ಅಂತ. ಹೌದೇನಮ್ಮ?"

ಅಕ್ಕ ತಲೆಯಾಡಿಸಿದಳು. "ಸ್ವಲ್ಪ ಸೋರಿದೆ ಅಷ್ಟೇ ಅಂದ್ಕೊಂಡೆ. ಒಳಗೇ ಕೆಟ್ಟಿದೆ ಅಂತ ಗೊತ್ತಾಗ್ಲಿಲ್ಲ."

"ಅಯ್ಯೋ, ಕೇಳಿದಾಗ ಒಂದು ಮಾತು ಹೇಳಬಾರದಿತ್ತಾ?" ಯಜಮಾನರ ದನಿ ಬಿದ್ದುಹೋಗಿತ್ತು.

"ನೀವು ಕೇಳಲಿಲ್ಲ. ಬೀಗದಕೈ ಕೊಡು ಅಂದ್ರಿ. ಹದಿನೆಂಟು ವರ್ಷ ಆದಮೇಲೂ ನಾನು ಕಳ್ಳಿ ಅಲ್ಲ ಅಂತ ಬಾಯಿಬಿಟ್ಟು ಹೇಳಬೇಕು ಅಂದ್ರೆ, ಹೇಳಿ ಏನು ಬಂತು?"

ಅಳಿಯ ಕೈಮುಗಿದ. ಅಕ್ಕ ಅವನ ಕೈಗಳನ್ನು ಇಳಿಸಿದಳು. "ನಿನ್ನ ಮೇಲೇನೂ ಇಲ್ಲಪ್ಪ. ಉಳಿದ ಐದಕ್ಕೂ ಇವತ್ತೇ ಹೊಸ ಬಿರಡೆ ಹಾಕಿಬಿಡು." ಚೀಲ ಹೆಗಲಿಗೇರಿಸಿ, ಯಾರ ಮುಖವನ್ನೂ ನೋಡದೆ ಹೊರಟೇಹೋದಳು.

ಗಡಿಯಾರದಣ್ಣನ ಕಣ್ಣು ತುಂಬಿಬಂತು. ಟೀಚರಮ್ಮನ ಲೆಕ್ಕ ಸರಿಬಂದ ದಿನ ಅವನು ಹಿಗ್ಗದೆ ಇದ್ದದ್ದು ಅದೊಂದೇ ಸಲ.

"ಹೋಗಪ್ಪ, ಓಡು, ಕರ್ಕೊಂಡು ಬಾ ಅವಳನ್ನ," ಎಂದು ಯಜಮಾನರು ಅಳಿಯನನ್ನು ತಳ್ಳಿದರು.

"ಕಳ್ಳಿ ಅಂತ ನಂಬಿದ್ದು ನೀವು," ಎಂದರು ಟೀಚರಮ್ಮ. "ಕರೆಯೋಕೆ ಅವನನ್ನ ಕಳಿಸ್ತೀರಾ?"

ಯಜಮಾನರು ಅಳಿಯನ ಹೆಗಲಿನಿಂದ ಕೈ ತೆಗೆದರು. ಆಮೇಲೆ ಗಿರಾಕಿಗಳು ನೋಡುತ್ತಿದ್ದಂತೆಯೇ ಕುಂಟುತ್ತ ಬೀದಿಗಿಳಿದರು. "ತಂಗೀ, ನಿಲ್ಲಮ್ಮಾ! ತಪ್ಪಾಯ್ತು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಅಕ್ಕ ತಿರುಗಿ ನೋಡಲಿಲ್ಲ. ಆದರೆ ಆ ಮಂಡಿನೋವಿನ ಮನುಷ್ಯ ತಲುಪುವಷ್ಟು ನಡಿಗೆಯನ್ನು ನಿಧಾನ ಮಾಡಿದಳು.