ಗುಂಡಿ, ಕಾಜಾ ಮತ್ತು ಮೇಲಿನ ಮನೆಯವನು

"ಆ ಪಂಜರದಿಂದ ಕೈ ತೆಗೀರಿ."

ಹೊಲಿಗೆ ಅಂಗಡಿಯಿಂದ ಆಗಷ್ಟೇ ಬಂದವಳು ಬಾಗಿಲಲ್ಲೇ ನಿಂತು ಗದರಿದಳು. ಅವಳ ಕೋಣೆಯಲ್ಲಿ ಅಪರಿಚಿತನೊಬ್ಬ ಮಂಡಿಯೂರಿ ಕುಳಿತಿದ್ದ. ಅವನ ಕೈ ಇದ್ದದ್ದು ಅವಳ ಕುಳ್ಳ ಹ್ಯಾಮ್‌ಸ್ಟರ್‌ಗಳ ಪಂಜರದೊಳಗೆ! ಹೆಬ್ಬೆರಳಿಗಿಂತ ತುಸು ದೊಡ್ಡವಾದ, ಇಲಿಯಂಥ ಇಬ್ಬರು ಅಕ್ಕತಂಗಿಯರು ಅವು. ಅಂಗಿಯ ಗುಂಡಿಯಂತೆ ದುಂಡಗಿದ್ದವಳು ಗುಂಡಿ, ಗುಂಡಿ ತೂರುವ ಸೀಳಿನಂತೆ ಸಣ್ಣವಳು ಕಾಜಾ.

"ಪಂಜರದ ಚಿಲಕ ಸರಿ ಮಾಡೋಕೆ ನಿಮ್ಮಮ್ಮ ಕರೆದ್ರು. ಮೇಲಿನ ಮನೆಗೆ ಹೊಸದಾಗಿ ಬಂದಿದ್ದೀನಿ, ಬಡಗಿ ಕೆಲಸ," ಎಂದು ಅವನು ಎದ್ದ. ಹೋಗುತ್ತಾ ತಡೆದು ನಿಂತ. "ದಪ್ಪಗಿರೋದು ಸಣ್ಣದನ್ನ ಕಾಡ್ತಿದೆ. ಬೇರೆ ಬೇರೆ ಇಟ್ರೆ ಒಳ್ಳೇದು."

"ಹುಟ್ಟಿದಾಗಿಂದ ಒಟ್ಟಿಗಿವೆ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ."

ಗಂಡಸರ ಮಾತೆಂದರೆ ಅವಳಿಗೆ ಈಗೀಗ ಅನುಮಾನ. ನಿಶ್ಚಯವಾಗಿದ್ದ ಮದುವೆ, ಹುಡುಗನಿಗೆ ಬೇರೆ ಊರಿನಲ್ಲಿ ಹೆಂಡತಿ ಇದ್ದಾಳೆಂದು ತಿಳಿದು ಮುರಿದಿತ್ತು. ಅವನೂ ಹೀಗೇ ತಣ್ಣಗೆ ಮಾತಾಡುತ್ತಿದ್ದ...

ಬಡಗಿ ಮತ್ತೆ ಮತ್ತೆ ಬಂದ. ಅವಳು ಒಳಗೆ ಕಾಲಿಟ್ಟರೆ ಅಮ್ಮ ಮತ್ತು ಅವನ ಪಿಸುಮಾತು ಗಪ್ಪನೆ ನಿಲ್ಲುತ್ತಿತ್ತು.

'ಏನು ನಡೀತಿದೆ ಇಲ್ಲಿ?'

ಪಂಜರದಲ್ಲಿ ಓಡುವ ಚಕ್ರ ಎರಡಾಯಿತು, ಗೂಡು ಎರಡಾಯಿತು, ಕಾಳಿನ ಬಟ್ಟಲೂ ಎರಡಾಯಿತು. ಕೇಳಿದರೆ, "ಸುಮ್ನೆ ಮಾಡಿಕೊಟ್ಟ ಕಣೇ," ಎಂದು ಅಮ್ಮ ಮುಖ ತಿರುಗಿಸಿದರು. ಸುಮ್ಮನೆ ಯಾರು ಏನು ಕೊಡುತ್ತಾರೆ? ಅದೇ ವಾರ ಕಾಜಾಳ ಕಿವಿ ಹರಿದಿರುವುದು ಅವಳ ಕಣ್ಣಿಗೆ ಬಿತ್ತು. ಇವನ ಕೈಯಿಂದಲೇ ಆದ ಗಾಯವಿರಬೇಕು!

ಒಂದು ಸಂಜೆ ಬಂದು ನೋಡಿದರೆ ಪಂಜರದಲ್ಲಿ ಗುಂಡಿ ಒಬ್ಬಳೇ.

"ಅಮ್ಮಾ, ಕಾಜಾ ಎಲ್ಲಿ?"

"ಮೇಲಿನವನು ತಗೊಂಡು ಹೋದ. ಮೊದ್ಲು ನನ್ನ ಮಾತು ಕೇಳು..."

ಕೇಳುವ ತಾಳ್ಮೆ ಯಾರಿಗಿತ್ತು? ಮೆಟ್ಟಿಲೇರಿ ಅವನ ಬಾಗಿಲನ್ನು ದಬದಬ ಬಡಿದಳು. ಅವನು ಬಾಗಿಲು ತೆಗೆದು ಪಕ್ಕಕ್ಕೆ ಸರಿದ.

ಕಿಟಕಿಯ ಬಳಿ ಹೊಸದೊಂದು ಮರದ ಗೂಡು. ಒಳಗೆ ಹೊಟ್ಟಿನ ಮೇಲೆ ಕಾಜಾ ಕೈಕಾಲು ಚಾಚಿ ಬಯಲಲ್ಲೇ ನಿದ್ದೆ ಹೋಗಿದ್ದಳು. ಹೊಟ್ಟೆಯ ಹತ್ತಿರ ಕಚ್ಚಿದ ಗಾಯ, ಅದಕ್ಕೆ ಔಷಧಿ ಹಚ್ಚಿತ್ತು.

ಕೆಳಗಿನ ಪಂಜರದಲ್ಲಿ ಈ ಮರಿ ಹೀಗೆ ಮಲಗಿ ಎಷ್ಟು ಕಾಲವಾಗಿತ್ತು! ಯಾವಾಗಲೂ ಮೂಲೆಯ ಕೊಳವೆಯಲ್ಲಿ ಮುದುಡಿರುತ್ತಿತ್ತು. ಅದನ್ನೇ ನಾಚಿಕೆ ಸ್ವಭಾವ ಎಂದುಕೊಂಡಿದ್ದಳು...

"ಚಿಕ್ಕಂದಿನಲ್ಲಿ ನಾನೂ ಸಾಕಿದ್ದೆ," ಎಂದ ಅವನು. "ಕೆಲವು ಜೋಡಿ ಕೊನೇವರೆಗೂ ಚೆನ್ನಾಗಿರ್ತವೆ. ಕೆಲವಕ್ಕೆ ದೊಡ್ಡವಾದ್ಮೇಲೆ ಆಗಿಬರಲ್ಲ. ಜಗಳ ಆಗ್ಬಾರ್ದು ಅಂತ ಎಲ್ಲಾ ಎರಡೆರಡು ಇಟ್ಟು ನೋಡಿದ್ವಿ. ಇವತ್ತು ಗುಂಡಿ ಹೊಟ್ಟೆಗೇ ಕಚ್ಚಿ ರಕ್ತ ಬಂತು, ನಿಮ್ಮಮ್ಮ ಹೆದರಿ ಕರೆದ್ರು. ಇನ್ನು ಒಟ್ಟಿಗೆ ಬಿಡೋ ಹಾಗಿಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಅಳ್ತೀರಿ ಅಂತ ಅಮ್ಮ ಬೇಡ ಅಂದ್ರು. ನಾನು ಹೇಳಿದ್ರೆ ನಂಬ್ತಿದ್ರಾ?"

ಅವಳು ಗೂಡಿನ ಪಕ್ಕ ನೆಲದ ಮೇಲೆ ಕುಳಿತಳು. ಕಣ್ಣು ತಾನಾಗಿ ತುಂಬಿತು.

"ಕಿವಿ ಹರಿದದ್ದು ನಿಮ್ಮಿಂದ ಅಂದ್ಕೊಂಡಿದ್ದೆ."

"ಗೊತ್ತು. ನೀವು ನೋಡಿದ ರೀತೀಲೇ ತಿಳೀತು."

"ಆದ್ರೂ ಬರ್ತಿದ್ರಲ್ಲ, ಯಾಕೆ?"

ಅವನು ಉಗುರಿಗೆ ಮೆತ್ತಿದ್ದ ಅಂಟನ್ನು ಕೆರೆಯುತ್ತಾ ತಲೆ ತಗ್ಗಿಸಿದ. "ಬೈಯೋಕಾದ್ರೂ ನೀವು ನನ್ನ ಹತ್ರ ಮಾತಾಡ್ತಿದ್ರಿ. ಅದು... ಇಷ್ಟ ಆಗ್ತಿತ್ತು. ನೀವೂ."

ಅವಳು ಆ ಮುಖದಲ್ಲಿ ಸುಳ್ಳಿಗಾಗಿ ತಡಕಾಡಿದಳು. ಹಳೆಯ ಅಭ್ಯಾಸ. ಕಂಡದ್ದು ಕಿವಿಯವರೆಗೂ ಕೆಂಪೇರಿದ ಮುಜುಗರ ಮಾತ್ರ.

"ಕಾಜಾ ಇಲ್ಲೇ ಇರಲಿ," ಎಂದಳು ಮೆಲ್ಲಗೆ. "ಅಂಗಡಿ ಮುಗಿಸಿ ದಿನಾ ನೋಡೋಕೆ ಬರ್ತೀನಿ."

"ಕಾಜಾನ ಮಾತ್ರಾನಾ?"

"ಅನುಮಾನಾನಾ?"

"ಸ್ವಲ್ಪ."

"ಇರಲಿ ಬಿಡಿ," ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು. "ದಿನಾ ಬಂದು ಆ ಅನುಮಾನ ಹೋಗಲಾಡಿಸ್ತೀನಿ."