ಇಂಜಿನಿಯರ್ ಶಿವಸಂಗಪ್ಪನ ಸಹಿ

ಎಂಬತ್ತನಾಲ್ಕರ ಆಷಾಢ. ಇಳಕಲ್ಲಿನ ಓಣಿಗಳಲ್ಲಿ ಕಣ್ಣು ಬಿಡಲಾಗದಷ್ಟು ಗಾಳಿ, ಧೂಳು. ಬೆಳಗಿನ ಏಳಕ್ಕೇ ಎಲ್ಲರ ಮಗ್ಗಗಳೂ ಸದ್ದು ಮಾಡುತ್ತಿದ್ದವು; ಶಿವಸಂಗಪ್ಪನದು ಮಾತ್ರ ಸುಮ್ಮನಿತ್ತು. ಮಗಳು ಮುತ್ತವ್ವನಿಗೆ ಬಾಗಲಕೋಟೆಯ ದವಾಖಾನೆಯಲ್ಲಿ ನರ್ಸ್ ತರಬೇತಿಗೆ ಕರೆ ಬಂದಿತ್ತು. ಸೇರಲು ಅಂದೇ ಕಡೆಯ ದಿನ. ಹೆಂಡತಿ ಬಾಳವ್ವ ಅರ್ಜಿ ಹಿಡಿದು ಅವನೆದುರು ನಿಂತಿದ್ದಳು.

“ಒಂದ ಸಹಿ ರೀ! ನಿಮ್ಮ ಜೀವಾ ಏನ್ ಕೇಳ್ಲಿಲ್ಲ ನಾ!”

“ನನ್ನ ಕೈಲೆ ಆಗೂದಿಲ್ಲ, ಬಾಳಿ.”

“ವಿಮಾನಾ ರಿಪೇರಿ ಮಾಡಿದ ಕೈಗೆ ಪೆನ್ನು ಭಾರ ಆತೇನು?”

ಅವನು ತಿರುಗಿ ಮಗ್ಗದ ಧೂಳು ಒರೆಸತೊಡಗಿದ. ಹನ್ನೆರಡು ವರ್ಷದಿಂದ ಅವಳನ್ನು ಅರೆದು ಹಾಕಿದ್ದು ಈ ಮೌನವೇ! ಎಪ್ಪತ್ತೊಂದರ ಯುದ್ಧದಲ್ಲಿ ಅವನು ವಾಯುಪಡೆಯ ಇಂಜಿನಿಯರ್. ಎಂಜಿನ್ನು ನೋಡಿ, ಸರಿಯಿದೆಯೆಂದು ಅವನು ಸಹಿ ಮಾಡಿದರೆ ಮಾತ್ರ ವಿಮಾನ ಏಳುತ್ತಿತ್ತು. ಒಂದು ಬೆಳಗ್ಗೆ ಹಾಗೆ ಕಳಿಸಿದ ವಿಮಾನ ತಿರುಗಿ ಬರಲಿಲ್ಲ... ಹಾರಿಸಿದ ಹುಡುಗನಿಗೆ ಇಪ್ಪತ್ಮೂರು ವರ್ಷ. ವೈರಿಯ ಗುಂಡಿಗೆ ಬಿದ್ದದ್ದು, ನಿನ್ನ ತಪ್ಪಿಲ್ಲ ಎಂದು ಮೇಲಿನವರು ಬರೆದುಕೊಟ್ಟರೂ, ನೌಕರಿ ಬಿಟ್ಟು ಊರಿಗೆ ಬಂದವನು ಯಾವ ಕಾಗದಕ್ಕೂ ಪೆನ್ನು ಮುಟ್ಟಿಸಲಿಲ್ಲ. ರೇಶನ್ ಕಾರ್ಡಿಗೆ ಬಾಳವ್ವನ ಹೆಬ್ಬೆಟ್ಟು. ಮಗಳ ಶಾಲೆಗೆ ಸೋದರಮಾವನ ಸಹಿ. ಪೋಸ್ಟಮನ್ ರಜಿಸ್ಟರ್ ಪತ್ರ ತಂದರೆ ಹಿತ್ತಲಿನಿಂದ ಓಟ! “ನೋಡ್ರೋ, ಇಂಜಿನಿಯರ್ ಹಾರಿದ್ರು!” ಎಂದು ಓಣಿಯೇ ನಗುತ್ತಿತ್ತು. ಬಾಳವ್ವನಿಗೆ ಮಾತ್ರ ನಗು ಬತ್ತಿ ಎಷ್ಟೋ ಕಾಲವಾಗಿತ್ತು.

ಸಹಿಯಿಲ್ಲದೆಯೇ ಮೂವರೂ ಬಾಗಲಕೋಟೆಗೆ ಹೋದರು. ಅವನು ಟ್ರಂಕು ಹಿಡಿದು ಕಚೇರಿಯ ಬಾಗಿಲಾಚೆಯೇ ನಿಂತುಬಿಟ್ಟ.

“ತಂದಿ ಸಹಿ ಎಲ್ಲೈತಿ?” ಎಂದ ಗುಮಾಸ್ತ.

“ನನ್ನ ಹೆಬ್ಬೆಟ್ಟು ತಗೋರಿ.”

“ತಂದಿ ಇದ್ರ ನಿಮ್ಮದು ನಡಿಯಂಗಿಲ್ಲ. ಅವರು ಅದಾರೋ ಇಲ್ಲೋ?”

ಬಾಳವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. “ಇಲ್ರಿ... ತೀರಿಕೊಂಡಾರ.”

“ಯವ್ವಾ!” ಮುತ್ತವ್ವ ಚೀರಿದಳು.

“ಹಣಿ ಮ್ಯಾಲೆ ಕುಂಕುಮ ಐತೆಲ್ಲಬೇ?” ಎಂದ ಗುಮಾಸ್ತ.

ಬಾಳವ್ವ ಸೆರಗು ಮುದುಡಿ ಹಣೆಗೆ ಒಯ್ದಳು.

“ಬಾಳಿ! ಕೈ ತಗಿ!” ಶಿವಸಂಗಪ್ಪ ಒಳನುಗ್ಗಿದ್ದ.

“ಯಾಕ ತಗೀಲಿ? ಸತ್ತ ಹುಡುಗನ್ನ ಹನ್ನೆರಡು ವರ್ಷ ಹೊತ್ರಿ. ಬದುಕಿದಾಕಿ ಇಕಿ ಯಾರ ಮಗಳ್ರಿ?”

ಅವನು ಮೇಜಿನ ಮೇಲಿನ ಅರ್ಜಿ ನೋಡಿದ. “ನಾ ಸಹಿ ಮಾಡಿ ಕಳಿಸಿದ್ದು ತಿರುಗಿ ಬರೂದಿಲ್ಲ, ಬಾಳಿ...”

“ನಾ ಬರ್ತೇನಿ, ಅಪ್ಪಾ,” ಎಂದಳು ಮುತ್ತವ್ವ. “ದೀಪಾವಳಿಗೇ ಬರ್ತೇನಿ.”

ಅವನು ಪೆನ್ನು ಹಿಡಿದ. ಒತ್ತಿದ ರಭಸಕ್ಕೆ ಕಾಗದ ಹರಿಯಿತು. “ಇರ್ಲಿ ಬಿಡ್ರಿ, ಓದಾಕ ಬರ್ತೈತಿ,” ಎಂದು ಗುಮಾಸ್ತ ಮೆಲ್ಲಗೆ ತೆಗೆದುಕೊಂಡ.

ಮಗಳು ಒಳಗೆ ಹೋದಳು. ಇನ್ನಾದರೂ ಮುಗಿಯಿತಲ್ಲ ಎಂದು ಬಾಳವ್ವ ಕಣ್ಣೊರೆಸಿಕೊಂಡು ಹೊರಟರೆ, ಗಂಡ ಗೇಟಿನ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದ!

“ನೀ ನಡಿ. ಆಕಿ ಹೆಂಗದಾಳ ನೋಡಿಕೊಂಡು ಬರ್ತೇನಿ.”

“ಅಯ್ಯ ನನ್ನ ಕರ್ಮವ! ಅದು ಮೂರು ವರ್ಷದ ಟ್ರೇನಿಂಗ್ ರೀ!”

ಅವನು ಆಗಲೇ ಟವೆಲ್ಲು ಹಾಸಿದ್ದ. ಬಾಳವ್ವ ಹಣೆ ಬಡಿದುಕೊಂಡಳು. ಬುತ್ತಿಯಲ್ಲಿ ಉಳಿದಿದ್ದ ಎರಡು ರೊಟ್ಟಿಯನ್ನು ಅವನ ಮಗ್ಗುಲಲ್ಲಿಟ್ಟು, ಸಂಜೆ ಒಬ್ಬಳೇ ಇಳಕಲ್ಲಿನ ಬಸ್ಸು ಹತ್ತಿದಳು.